ಸಿಸ್ಟಂ ಟೈಮ್ ಮಹಾತ್ಮೆ

ಸೂರ್ಯನಿಗೆ ಮುಲಾಜಿಲ್ಲ, ಪಂಚಾಂಗಕ್ಕೆ ದಾಕ್ಷಿಣ್ಯವಿಲ್ಲ. ರಾಹುಕಾಲವನ್ನು ಹತ್ತು ನಿಮಿಷ ಆಚೆ ತಳ್ಳಿ ಎಂದರೆ ಯಾವ ಪುರೋಹಿತರೂ ಒಪ್ಪುವುದಿಲ್ಲ. ಇಂಥ ಹಟಮಾರಿ ಲೋಕದಲ್ಲಿ ನಾವು ಹೇಳಿದ್ದೇ ಕಾಲವೆಂದು ನಂಬಿ ನಡೆಯುವ ಸಜ್ಜನ ಒಬ್ಬನೇ, ಕಂಪ್ಯೂಟರಿನೊಳಗಿನ ಸಿಸ್ಟಂ ಗಡಿಯಾರ. ಅದರ ಗುಣಗಾನ ಕನ್ನಡದಲ್ಲಿ ಇನ್ನೂ ಸಾಲದಾಗಿದೆ ಎಂಬ ಕೊರಗಿನಿಂದ ಈ ನಾಲ್ಕು ಮಾತು.

ಮೊದಲಿಗೆ ಅದರ ಸರಳತೆ. ಯೂನಿಕ್ಸ್ ವಂಶದ ಗಡಿಯಾರಕ್ಕೆ ವಾರ, ತಿಂಗಳು, ಸಂವತ್ಸರಗಳ ಗೋಜಿಲ್ಲ. 1970ರ ಜನವರಿ 1ರ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ನಡುರಾತ್ರಿಯಿಂದ ಎಷ್ಟು ಸೆಕೆಂಡು ಕಳೆದವು ಎಂಬ ಒಂದು ಸಂಖ್ಯೆ, ಅಷ್ಟೇ. ಪ್ರೋಗ್ರಾಮು ತಾರೀಖನ್ನು ಎಲ್ಲೋ ಕಳೆದುಕೊಂಡು ಬರೀ ಸೊನ್ನೆ ಹಿಡಿದು ನಿಂತಾಗ ನಮ್ಮ ಪರದೆಯ ಮೇಲೆ ಮೂಡುವುದು 1970ರ ಜನವರಿ 1, ಬೆಳಗ್ಗೆ 5:30. ಬೆಂಗಳೂರಿನ ಲೆಕ್ಕಕ್ಕೆ ಅದು ಬ್ರಾಹ್ಮೀ ಮುಹೂರ್ತ. ಅಮೆರಿಕದವರಿಗೆ ಈ ಯೋಗವಿಲ್ಲ; ಅದೇ ಸೊನ್ನೆ ಅಲ್ಲಿ 1969ರ ಡಿಸೆಂಬರ್ 31ರ ಇಳಿಹೊತ್ತಾಗಿ ಕಾಣುತ್ತದೆ.

ಈ ಸಂಖ್ಯೆಯನ್ನು ತಾರೀಖಾಗಿ ಬಿಡಿಸಿಕೊಡಲು ಸಿ ಭಾಷೆ ಮಾಡಿಟ್ಟ ಏರ್ಪಾಡಂತೂ ಕಣ್ಣಿಗೆ ಹಬ್ಬ. ದಿನಗಳ ಎಣಿಕೆ 1ರಿಂದ, ತಿಂಗಳ ಎಣಿಕೆ 0ಯಿಂದ, ವರ್ಷದ ಎಣಿಕೆ 1900ರಿಂದ. ಮೂವರಿಗೂ ಒಂದೇ ನಿಯಮ ಹಾಕಿ ಯಾರ ಸ್ವಾತಂತ್ರ್ಯವನ್ನೂ ಕಸಿಯಲಿಲ್ಲ. ವರ್ಷದ ಹಿಂದೆ ಸುಮ್ಮನೆ ‘19’ ಅಂಟಿಸಿ ಬಂದ ಶ್ರದ್ಧಾವಂತರ ವೆಬ್‌ಸೈಟುಗಳು 2000ದ ಜನವರಿಯಲ್ಲಿ ಇದು 19100ನೇ ಇಸವಿ ಎಂದು ಸಾರಿದವು. ಅಷ್ಟು ದೂರದ ಮುನ್ನೋಟ ಯಾವ ಯೋಜನಾ ಆಯೋಗಕ್ಕೂ ಇರಲಿಲ್ಲ.

ಟೈಮ್ ಎಷ್ಟು ಎಂದು ಯಾವ ಪ್ರೋಗ್ರಾಮು ಬೇಕಾದರೂ ಕೇಳಬಹುದು. ಸೆಟ್ ಮಾಡುವ ಹಕ್ಕು ಮಾತ್ರ ರೂಟ್ ಎಂಬ ಸರ್ವಾಧಿಕಾರಿ ಬಳಕೆದಾರನಿಗೆ. ಕಾಲಕ್ಕೆ ರಾಜನೇ ಕಾರಣ ಎಂದು ಹಿರಿಯರು ಹೇಳಿದ್ದು ಲಿನಕ್ಸಿನಲ್ಲಿ ಅಕ್ಷರಶಃ ನಿಜ. ರೂಟ್ ನಿನ್ನೆ ಎಂದರೆ ನಿನ್ನೆ, ನಾಳಿದ್ದು ಎಂದರೆ ನಾಳಿದ್ದು. ಲಾಗು, ಬ್ಯಾಕಪ್ಪು, ಪಾಸ್‌ವರ್ಡಿನ ಅವಧಿ ಎಲ್ಲವೂ ತಕರಾರಿಲ್ಲದೆ ಹಿಂದೆ ಬರುತ್ತವೆ. ಗಡಿಯಾರ ವರ್ಷಗಟ್ಟಲೆ ಹಿಂದೆ ಸರಿದಾಗ ಗೊಣಗುವುದು ಬ್ರೌಸರ್ ಮಾತ್ರ: ಈ ಸೈಟಿನ ಸರ್ಟಿಫಿಕೇಟ್ ಇನ್ನೂ ಜಾರಿಗೇ ಬಂದಿಲ್ಲ ಎಂದು.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಸಾಕಿದವರ ಭಾಗ್ಯ ಇನ್ನೂ ದೊಡ್ಡದು. ಮದರ್‌ಬೋರ್ಡಿನಲ್ಲಿ ಬಟನ್ ಶೆಲ್ಲಿನಿಂದ ನಡೆಯುವ ಗಡಿಯಾರ ಒಂದೇ. ವಿಂಡೋಸ್ ಅದರಲ್ಲಿ ಸ್ಥಳೀಯ ಸಮಯ ಇದೆ ಎಂದುಕೊಳ್ಳುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ ಇದೆ ಎಂದುಕೊಳ್ಳುತ್ತದೆ. ಲಿನಕ್ಸ್ ಮುಗಿಸಿ ವಿಂಡೋಸ್‌ಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದೆ. ಜಗತ್ತಿನಲ್ಲಿ ಬಹುಪಾಲು ಜನರಿಗೆ ಇಡೀ ಗಂಟೆಗಳ ವ್ಯತ್ಯಾಸವಾದರೆ ನಮಗೆ ಮೇಲೊಂದು ಅರ್ಧ ಗಂಟೆ ಬೋನಸ್.

ಇನ್ನು ಈ ಗಡಿಯಾರದ ಮಹಿಮೆ ಸಂಪೂರ್ಣ ಪ್ರಕಟವಾಗುವ ಜಾಗಕ್ಕೆ ಬರೋಣ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ತಿಳಿಯಲು ನಮ್ಮ ಪ್ರೋಗ್ರಾಮರುಗಳು ಶುರುವಿನಲ್ಲಿ ಸಿಸ್ಟಂ ಟೈಮ್ ಓದುತ್ತಾರೆ, ಮುಗಿದ ಮೇಲೆ ಇನ್ನೊಮ್ಮೆ ಓದುತ್ತಾರೆ, ಕಳೆಯುತ್ತಾರೆ. ಈ ಎರಡರ ನಡುವೆ ಯಾರಾದರೂ ಟೈಮ್ ಸೆಟ್ ಮಾಡಿದರೆ? ನೆಟ್‌ವರ್ಕ್ ಮೂಲಕ ಸಮಯ ಸರಿಪಡಿಸುವ ಎನ್‌ಟಿಪಿ ಸೇವೆಯೇ ವ್ಯತ್ಯಾಸ ಹೆಚ್ಚಾಯಿತೆಂದು ಗಡಿಯಾರವನ್ನು ಒಮ್ಮೆಲೇ ಹಿಂದಕ್ಕೆ ಎಳೆದರೆ? ಆಗ ಉತ್ತರ ಮೈನಸ್. ಅಂದರೆ ಕೆಲಸ ಶುರುವಾಗುವ ಮೊದಲೇ ಮುಗಿದಿದೆ. ಯಾವ ಕಚೇರಿ, ಯಾವ ಗುತ್ತಿಗೆದಾರ ಇಂಥ ದಕ್ಷತೆ ತೋರಿಸಿದ್ದುಂಟು?

ವೆಬ್‌ಸೈಟುಗಳಿಗೆ ಇಂಟರ್ನೆಟ್ ಸೇವೆ ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿ ಈ ಸಿದ್ಧಿಯನ್ನು 2017ರ ಹೊಸ ವರ್ಷದ ಮೊದಲ ಗಳಿಗೆಯಲ್ಲೇ ಪಡೆಯಿತು. ಭೂಮಿಯ ತಿರುಗಾಟಕ್ಕೆ ಹೊಂದಿಸಲೆಂದು 2016ರ ಕೊನೆಗೆ ಒಂದು ಅಧಿಕ ಸೆಕೆಂಡು ಸೇರಿಸಲಾಗಿತ್ತು. ಯೂನಿಕ್ಸ್ ಎಣಿಕೆಯಲ್ಲಿ 61ನೇ ಸೆಕೆಂಡಿಗೆ ಜಾಗವಿಲ್ಲದ ಕಾರಣ ಗಡಿಯಾರ ಒಂದು ಸೆಕೆಂಡು ಹಿಂದೆ ಸರಿದು ಅದನ್ನೇ ಮತ್ತೆ ನಡೆಯಿತು. ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್ಎಸ್‌ನಿಂದ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುತ್ತಿದ್ದ ಪ್ರೋಗ್ರಾಮಿಗೆ ಮೈನಸ್ ಸಂಖ್ಯೆ ಸಿಕ್ಕಿತು. ಅದು ಹಾಗೇ ಯಾದೃಚ್ಛಿಕ ಸಂಖ್ಯೆ ಆರಿಸುವ ಫಂಕ್ಷನ್ನಿಗೆ ಹೋಯಿತು, ಫಂಕ್ಷನ್ ಕೈಚೆಲ್ಲಿತು, ಒಂದಷ್ಟು ಸರ್ವರುಗಳಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗದೆ ಹೋಯಿತು. ಕಾಲ ಹಿಂದಕ್ಕೆ ಹೋಗುವುದಿಲ್ಲ ಎಂದು ಆ ಕೋಡು ಬರೆದವರು ನಂಬಿದ್ದರು. ಎಷ್ಟು ಸಾತ್ವಿಕ ನಂಬಿಕೆ!

ಇದಕ್ಕೆಲ್ಲ ಪರಿಹಾರವಿದೆ ಎಂದು ಕೆಲವು ರಸಹೀನರು ಹೇಳುತ್ತಾರೆ. ಮೊನೊಟೊನಿಕ್ ಗಡಿಯಾರ ಎಂಬುದೊಂದಿದೆಯಂತೆ. ಅದು ಹಿಂದೆ ಹೋಗುವುದಿಲ್ಲ, ರೂಟ್ ಹೇಳಿದರೂ ತಿದ್ದಿಸಿಕೊಳ್ಳುವುದಿಲ್ಲ, ಹೊತ್ತು ಅಳೆಯಲೆಂದೇ ಅದನ್ನು ಮಾಡಿದ್ದಂತೆ. ಲಿನಕ್ಸಿನಲ್ಲಿ ಹಲವು ವರ್ಷಗಳಿಂದ ಇದೆ. ಆದರೆ ಈಗ ಗಂಟೆಯೆಷ್ಟು ಎಂದು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಲಿನಕ್ಸಿನಲ್ಲಿ ಅದು ಎಣಿಸುವುದು ಯಂತ್ರ ಎದ್ದಾಗಿನಿಂದ. ಮುಹೂರ್ತ ಹೇಳಲಾಗದ, ಯಾರ ಮಾತೂ ಕೇಳದ ಇಂಥ ಗಡಿಯಾರವನ್ನು ಮರ್ಯಾದಸ್ಥರು ಬಳಸುವುದು ಹೇಗೆ? ಗೋ ಭಾಷೆಯವರು 2017ರ ಆಗಸ್ಟಿನಲ್ಲಿ ಇದನ್ನು ತಮ್ಮ ಸಾಧಾರಣ ಟೈಮ್ ಕರೆಯೊಳಗೇ ಸೇರಿಸಿಬಿಟ್ಟರು. ಮೈನಸ್ ಹೊತ್ತಿನ ವೈಭವ ಆ ಮನೆಯಲ್ಲಿ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಸಾಲದ್ದಕ್ಕೆ, 2035ರೊಳಗೆ ಅಧಿಕ ಸೆಕೆಂಡಿನ ಪದ್ಧತಿಯನ್ನೇ ಕೈಬಿಡಲು ಅಂತರರಾಷ್ಟ್ರೀಯ ಅಳತೆ ಸಮ್ಮೇಳನ 2022ರಲ್ಲಿ ತೀರ್ಮಾನಿಸಿದೆ. ಒಳ್ಳೆಯದು ಯಾವುದೂ ಉಳಿಯುವಂತಿಲ್ಲ.

ನಿರಾಶರಾಗಬೇಡಿ, 2038 ಇದೆ. ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುವ ಯಂತ್ರಗಳ ಲೆಕ್ಕ ಆ ವರ್ಷ ಜನವರಿ 19ರಂದು, ನಮ್ಮ ಗಂಟೆಯಲ್ಲಿ ಬೆಳಗ್ಗೆ 8:44:07ಕ್ಕೆ ತುಂಬುತ್ತದೆ. ಮರುಕ್ಷಣ ಅವು 1901ರ ಡಿಸೆಂಬರಿನಲ್ಲಿರುತ್ತವೆ. 64 ಬಿಟ್‌ಗೆ ಬದಲಾದವರಿಗೆ 29,200 ಕೋಟಿ ವರ್ಷಗಳವರೆಗೆ ಈ ದರ್ಶನವಿಲ್ಲ. 2038ರ ಆ ಜನವರಿ 19 ಮಂಗಳವಾರ. ನೋಡಲು ರಜೆ ಬೇಕಾದವರು ಈಗಲೇ ಅರ್ಜಿ ಹಾಕಿ, ತಾರೀಖನ್ನು ಮಾತ್ರ ಕೈಯಲ್ಲೇ ಬರೆಯಿರಿ.