ಪಾರ್ಟಿ ರೆಡಿ ಇದೆ ಸಾರ್!

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟವರೆಲ್ಲ ಬ್ರೋಕರನ್ನು ಬೈಯುತ್ತಾರೆ. ಬೈಯುತ್ತಲೇ ಅವನ ಸ್ಕೂಟರಿನ ಹಿಂದೆ ಹತ್ತಿ ಕೂರುತ್ತಾರೆ. ಕೂತಮೇಲೆ ಅವನು ಹೇಳಿದ್ದನ್ನೆಲ್ಲ ನಂಬುತ್ತಾರೆ. ಇದರಲ್ಲಿ ಪಾಪ, ಅವನ ತಪ್ಪೇನಿದೆ ಹೇಳಿ? ಯಾರೋ ಒಬ್ಬ ಸತ್ಯಸಂಧ ಬ್ರೋಕರು "ಸಾರ್, ಬೇಸಿಗೇಲಿ ಇಲ್ಲಿ ಬೋರು ಬತ್ತೋಗುತ್ತೆ, ಮಳೆ ಬಂದ್ರೆ ರಸ್ತೇನೇ ಕೆರೆ" ಅಂದ ಅನ್ನಿ. ನಾವು ಅವನಿಗೊಂದು ನಮಸ್ಕಾರ ಹಾಕಿ, ಮನೆಗೆ ಬಂದು, ಬೇರೆ ಬ್ರೋಕರಿಗೆ ಫೋನು ಮಾಡುತ್ತೇವೆ. ಬಣ್ಣದ ಮಾತಿಗೆ ಗಿರಾಕಿಗಳು ನಾವೇ.

ಮಾರುವ ಪಾರ್ಟಿಗೆ ಮಗಳ ಮದುವೆ ಅರ್ಜೆಂಟು ಎಂದು ಅವನು ನಿಮ್ಮ ಕಿವಿಯಲ್ಲಿ ಹೇಳುತ್ತಾನೆ. ಕೊಳ್ಳುವ ಪಾರ್ಟಿಗೆ ಬಾಡಿಗೆ ಮನೆ ಓನರು ಗಡುವು ಕೊಟ್ಟಿದ್ದಾನೆ ಎಂದು ಅವರ ಕಿವಿಯಲ್ಲಿ. ಇಷ್ಟಕ್ಕೂ ಇಬ್ಬರೂ ಬಗ್ಗದಿದ್ದರೆ ಮೂರನೆಯ ಪಾರ್ಟಿ ಬರುತ್ತದೆ: ಅಮೆರಿಕದಲ್ಲಿರುವ ಸಾಫ್ಟ್‌ವೇರ್ ದಂಪತಿ, ದುಡ್ಡು ರೆಡಿ, ನಾಳೆ ಹತ್ತು ಗಂಟೆಗೆ ನೋಡೋಕೆ ಬರ್ತಾರೆ. ಈ ದಂಪತಿಯನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಅವರ ಭಯಕ್ಕೇ ಊರಿನಲ್ಲಿ ಎಷ್ಟೋ ಟೋಕನ್ ಅಡ್ವಾನ್ಸು ಬಿದ್ದಿದೆ.

ಅವನು ಯಾರ ಕಡೆ ಎಂದು ತಲೆ ಕೆಡಿಸಿಕೊಳ್ಳುವವರು ಸ್ವಲ್ಪ ಲೆಕ್ಕ ಹಾಕಬೇಕು. ಕಮಿಷನ್ ಒಂದು ಪರ್ಸೆಂಟು ಅಂತಿಟ್ಟುಕೊಳ್ಳಿ. 80 ಲಕ್ಷದ ಮನೆಯನ್ನು ನೀವು ಎಳೆದಾಡಿ 78ಕ್ಕೆ ಇಳಿಸಿದರೆ ನಿಮ್ಮಿಂದ ಅವನಿಗೆ ಬರುವುದರಲ್ಲಿ 2 ಸಾವಿರ ಖೋತಾ. ವ್ಯಾಪಾರವೇ ಮುರಿದುಬಿದ್ದರೆ 80 ಸಾವಿರವೂ ಗೋತಾ. ಆದ್ದರಿಂದ ಅವನು ನಿಮ್ಮ ಕಡೆಯೂ ಇಲ್ಲ, ಅವರ ಕಡೆಯೂ ಇಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನ ಕಡೆ ಮುಖ ಮಾಡಿ ನಿಂತಿರುತ್ತಾನೆ. ಇಬ್ಬರನ್ನೂ ಅಲ್ಲಿಯವರೆಗೆ ತಳ್ಳಿಕೊಂಡು ಹೋಗುವುದೇ ಅವನ ಕಸುಬು. ತಮಾಷೆ ನೋಡಿ, 45 ಲಕ್ಷ ದಾಟಿದ ಮನೆಗೆ ಸರ್ಕಾರ 5 ಪರ್ಸೆಂಟು ಸ್ಟಾಂಪ್ ಡ್ಯೂಟಿ ಕೇಳಿದರೆ ತೆಪ್ಪಗೆ ಕಟ್ಟುವ ನಾವು, ಆಫೀಸಿನ ಮೆಟ್ಟಿಲಿಳಿದ ಕೂಡಲೇ ಬ್ರೋಕರಿನ ಒಂದು ಪರ್ಸೆಂಟಿಗೆ "ಅರ್ಧ ಮಾಡ್ಕೊಳ್ಳಪ್ಪ" ಎನ್ನುತ್ತೇವೆ.

ಇನ್ನು ಅವನ ಗಡಿಯಾರ. "ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ ಸಾರ್" ಎನ್ನುತ್ತಾನೆ. ಯಾವ ಹೊತ್ತಿನಲ್ಲಿ ಎಂದು ನೀವು ಕೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಎಂದು ಅವನು ಹೇಳಲಿಲ್ಲ. "ಮೆಟ್ರೋ ಬರುತ್ತೆ" ಎಂಬ ಮಾತಿಗಂತೂ ನಗಬೇಡಿ. ವೈಟ್‌ಫೀಲ್ಡಿಗೆ ಬರುತ್ತೆ, ಬರುತ್ತೆ ಎನ್ನುತ್ತಲೇ ಕೆಲವು ಬ್ರೋಕರುಗಳ ಕೂದಲು ನೆರೆಯಿತು, 2023ರಲ್ಲಿ ಬಂದೇಬಿಟ್ಟಿತು. ಬೊಮ್ಮಸಂದ್ರಕ್ಕೆ 2025ರಲ್ಲಿ ಬಂತು. ಈಗ ಅವನನ್ನು ಸುಳ್ಳುಗಾರ ಅನ್ನುತ್ತೀರೋ, ಕಾಲಜ್ಞಾನಿ ಅನ್ನುತ್ತೀರೋ?

"ಪೇಪರ್ಸ್ ಎಲ್ಲಾ ಕ್ಲಿಯರ್" ಎನ್ನುವಾಗ ಮಾತ್ರ ಹುಷಾರು. ಅನೇಕ ಸಲ ಕ್ಲಿಯರಾಗಿರುವುದು ಜೆರಾಕ್ಸು. ಖಾತಾ ತೋರಿಸಿ ಮನೆ ನಿಮ್ಮದೇ ಎನ್ನುತ್ತಾನೆ. ಖಾತಾ ಎಂಬುದು ತೆರಿಗೆ ಯಾರ ಹೆಸರಲ್ಲಿದೆ ಎನ್ನುವ ಲೆಕ್ಕ, ಒಡೆತನಕ್ಕೆ ಕ್ರಯಪತ್ರ, ಮೂಲಪತ್ರಗಳೇ ಬೇಕು. ಇಸಿ ತೆಗೆಸಿದರೆ ನೋಂದಣಿಯಾದ ವ್ಯವಹಾರ ಕಾಣುತ್ತದೆ. ಅಣ್ಣತಮ್ಮಂದಿರು ಬಿಳಿ ಹಾಳೆಯಲ್ಲಿ ಬರೆದುಕೊಂಡ ಪಾಲುಪಟ್ಟಿ ಕಾಣುವುದಿಲ್ಲ. ಅದನ್ನು ಹುಡುಕಲು ಒಬ್ಬ ವಕೀಲರು ಬೇಕು, ಅವರನ್ನು ನೀವೇ ಹುಡುಕಬೇಕು. "ನಮ್ಮ ಲಾಯರ್ ಇದ್ದಾರೆ ಸಾರ್, ಫೀಸೂ ಕಮ್ಮಿ" ಅಂದರೆ ನಕ್ಕು ಮಾತು ಬದಲಿಸಿ.

ರೇರಾ ಇದೆಯಲ್ಲ ಎನ್ನುತ್ತೀರಿ. ಇದೆ. ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟಿನ ಫ್ಲ್ಯಾಟೋ ಸೈಟೋ ಮಾರಿಸುವ ಏಜೆಂಟನೂ ನೋಂದಾಯಿಸಿಕೊಳ್ಳಬೇಕು ಎನ್ನುತ್ತದೆ 2016ರ ಕಾಯ್ದೆ. ಆದರೆ ನಾಲ್ಕನೇ ಕ್ರಾಸಿನ ಹಳೇ ಮನೆ ಮಾರಿಸುವ ನಮ್ಮವನಿಗೆ ಅದರ ಗಾಳಿ ಸೋಕುವುದಿಲ್ಲ. ಟೀ ಅಂಗಡಿಯ ಬೆಂಚೇ ಅವನ ಆಫೀಸು. ಯಾರ ಮಕ್ಕಳು ಫಾರಿನ್ನಿನಲ್ಲಿ ನೆಲೆಸಿದರು, ಯಾರ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಮಾತಿಲ್ಲ, ಯಾರಿಗೆ ಮಂಡಿನೋವು ಬಂದು ಮಹಡಿ ಹತ್ತಲಾಗುತ್ತಿಲ್ಲ, ಎಲ್ಲವೂ ಅವನ ತಲೆಯಲ್ಲೇ ದಾಖಲು. ಮಾರುವ ಯೋಚನೆ ಮನೆಯವರಿಗೆ ಬರುವ ಮುಂಚೆ ಅವನಿಗೆ ಬಂದಿರುತ್ತದೆ. ಯಾವ ಆ್ಯಪಿನಲ್ಲಿ ಈ ಸುದ್ದಿ ಸಿಗುತ್ತದೆ ಹೇಳಿ? ಕಮಿಷನ್ ಕೊಡುವುದು ಇದಕ್ಕೇ.

ಇಷ್ಟೆಲ್ಲ ಬೈದವರ ಗೃಹಪ್ರವೇಶಕ್ಕೆ ಒಮ್ಮೆ ಹೋಗಿ ನೋಡಿ. ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಬೆಂದು ಬಂದ ಭಾವಮೈದುನನಿಗೆ ಮನೆ ಯಜಮಾನರು ಕೋಸಂಬರಿ ಕೊಡುತ್ತಾ, "ಇವತ್ತೇ ಯಾಕೋ ಇಷ್ಟು ರಷ್ಷು, ದಿನಾ ಖಾಲಿ ಇರುತ್ತೆ" ಎನ್ನುತ್ತಾರೆ. ನೀರಿನ ಟ್ಯಾಂಕರು ಹಾರ್ನ್ ಹೊಡೆದರೆ "ಕಾವೇರಿ ಕನೆಕ್ಷನ್ ಇನ್ನೇನು ಬಂತು" ಎನ್ನುತ್ತಾರೆ. ಆಮೇಲೆ ಅವನನ್ನು ಮೆಲ್ಲಗೆ ಬಾಲ್ಕನಿಗೆ ಕರೆದು, ದನಿ ತಗ್ಗಿಸಿ, "ಪಕ್ಕದ ಸೈಟು ಮಾರ್ತಾರಂತೆ, ಬೇರೆ ಯಾರೋ ನೋಡ್ಕೊಂಡು ಹೋಗಿದ್ದಾರೆ. ನಿನಗೆ ಬೇಕಾದ್ರೆ ಇವತ್ತೇ ಮಾತಾಡ್ತೀನಿ" ಎನ್ನುತ್ತಾರೆ. ಅದೂ ಪುಕ್ಕಟೆಯಾಗಿ!