ಅಡ್ಮಿನ್ ರಾಯರ ಪಟೇಲಿಕೆ

ವಾಟ್ಸಾಪ್ ಗ್ರೂಪಿಗೆ ಈಗ 1024 ಜನರನ್ನು ತುಂಬಬಹುದು. ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಅದರ ಕಾಲುಭಾಗವೂ ಇಲ್ಲ, ಗಲಾಟೆಗೆ ಮಾತ್ರ ಬರವಿಲ್ಲ. "ಕಾವೇರಿ ನೀರು ಎಷ್ಟೊತ್ತಿಗೆ ಬರುತ್ತೆ?" ಅಂತ ಕೇಳಿದರೆ ಗುಲಾಬಿ ಹೂವಿನ ಶುಭೋದಯ ಬರುತ್ತದೆ, ನೀರು ಬರುವುದಿಲ್ಲ. ರಾಯರು ರೇಗಿ, 2018ರಲ್ಲಿ ಬಂದ ‘ಅಡ್ಮಿನ್ ಮಾತ್ರ ಬರೆಯಬಹುದು’ ಎಂಬ ಬೀಗ ಜಡಿದರು. ಜನ ಸುಮ್ಮನಿರುತ್ತಾರೆಯೇ? ಅದೇ ಸಂಜೆ ಇನ್ನೊಂದು ಗ್ರೂಪು ಹುಟ್ಟಿತು, ರಾಯರನ್ನು ಬಿಟ್ಟು! ಕೊನೆಗೆ ಸಂಧಾನವಾಯಿತು: ನೀರು, ಲಿಫ್ಟು, ಕರೆಂಟಿಗೆ ಒಂದು, ಹೂವು, ರಾಜಕೀಯ, ಮನೆಮದ್ದಿಗೆ ಇನ್ನೊಂದು. ರಾಯರು ಮಾಡಿದ ಜಾಣ ಕೆಲಸ ಇದೊಂದೇ ಅನ್ನಿ. ಕಿತ್ತಾಡುವವರಿಗೂ ಒಂದು ಜಗಲಿ ಬೇಕಲ್ಲ. ಈಗ ನೀರಿನ ಗ್ರೂಪು ತಣ್ಣಗಿದೆ. ಹೂವಿನ ಗ್ರೂಪಿನಲ್ಲಿ ಮೊನ್ನೆ ಮೆಂತ್ಯದ ಕಷಾಯ ಫಾರ್ವರ್ಡ್ ಮಾಡಿದವರು ಸಾಕ್ಷಾತ್ ರಾಯರೇ.