ಕಂತಿನ ದಿನದ ಸೂರ್ಯ

ಅಮೆರಿಕದ ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಸೈನ್ಯಸಮೇತ ಶರಣಾದ ಸೇನಾಪತಿಗೆ ಇಂಗ್ಲೆಂಡ್ ಏನು ಮಾಡಿತು? 1786ರಲ್ಲಿ ಗವರ್ನರ್ ಜನರಲ್ ಮಾಡಿ ಕಲ್ಕತ್ತೆಗೆ ಕಳಿಸಿತು. ಶಿಕ್ಷೆಯಾದದ್ದು ಬಂಗಾಳಕ್ಕೆ.

ಲಾರ್ಡ್ ಕಾರ್ನ್‌ವಾಲಿಸ್ ಕೈ ಶುದ್ಧವಿದ್ದ ಮನುಷ್ಯ, ಅಪಾಯವಿದ್ದದ್ದೂ ಅಲ್ಲೇ. ಈಸ್ಟ್ ಇಂಡಿಯಾ ಕಂಪನಿಯ ಬಿಳಿ ನೌಕರರು ಲಂಚಕ್ಕೆ ಬಾಯಿಬಿಡುವುದನ್ನು ಕಂಡು ಸಂಬಳ ಏರಿಸಿದ. ಕಲೆಕ್ಟರನಿಗೆ ತಿಂಗಳಿಗೆ 1500 ರೂಪಾಯಿ, ಜೊತೆಗೆ ವಸೂಲಿಯಲ್ಲಿ ಪಾಲು. ದೇಶಿಯರೂ ಲಂಚಕೋರರೇ ಎಂದು ಅವನಿಗೆ ಖಾತ್ರಿಯಿತ್ತು. ಅವರಿಗೂ ಚಿಕಿತ್ಸೆಯಾಯಿತು: ದೊಡ್ಡ ಹುದ್ದೆಗಳ ಬಾಗಿಲು ಮುಚ್ಚಿತು. ಕಾಯಿಲೆ ಒಂದೇ; ಬಿಳಿಯ ರೋಗಿಗೆ ತುಪ್ಪದೂಟ, ಕರಿಯ ರೋಗಿಗೆ ಲಂಘನ.

ಆಮೇಲೆ 1793ರ ಕಾಯಂ ಜಮೀನ್ದಾರಿ ಪದ್ಧತಿ. ನಿನ್ನೆಯವರೆಗೆ ಕಂದಾಯ ಎತ್ತುತ್ತಿದ್ದವನು ಬೆಳಗಾಗುವಷ್ಟರಲ್ಲಿ ನೆಲದ ಒಡೆಯ. ಉಳುವವನನ್ನು ಯಾರೂ ಕೇಳಲಿಲ್ಲ. ಅವನು ಉಳುವುದರಲ್ಲಿ ಮಗ್ನನಾಗಿದ್ದನಲ್ಲ. ಗೇಣಿಯ ಹನ್ನೊಂದು ಪಾಲಿನಲ್ಲಿ ಹತ್ತು ಕಂಪನಿಗೆ, ಒಂದು ಜಮೀನ್ದಾರನಿಗೆ. ಇಂಗ್ಲೆಂಡಿನ ದೊರೆಗಳಂತೆ ಇವರೂ ಜಮೀನು ಸುಧಾರಿಸುತ್ತಾರೆಂದು ಸಾಹೇಬರ ಕನಸು. ಅನೇಕರು ಸುಧಾರಿಸಿದ್ದು ಕಲ್ಕತ್ತೆಯ ತಮ್ಮ ಮಹಲುಗಳನ್ನು.

ಅದಕ್ಕೂ ಮೊದಲು ಕಂತು ಕಟ್ಟಿ ಬದುಕಿ ಉಳಿಯಬೇಕಿತ್ತು. ಗೊತ್ತಾದ ದಿನ ಸೂರ್ಯ ಮುಳುಗುವುದರೊಳಗೆ ಹಣ ಬಾರದಿದ್ದರೆ ಜಮೀನು ಹರಾಜು. ಬರ, ನೆರೆ ಎಂಬ ನೆಪ ನಡೆಯದು. ತಮ್ಮ ಸಾಮ್ರಾಜ್ಯದಲ್ಲಿ ಸೂರ್ಯ ಮುಳುಗುವುದೇ ಇಲ್ಲವೆಂದು ಮುಂದೆ ಮೆರೆದ ಜನ ಬಂಗಾಳದಲ್ಲಿ ಮಾತ್ರ ಅವನನ್ನು ಕಂತಿನ ದಿನ ತಪ್ಪದೆ ಮುಳುಗಿಸುತ್ತಿದ್ದರು. ಹಳೆಯ ಮನೆತನಗಳು ಹರಾಜಿನಲ್ಲಿ ಕರಗಿದವು. ಎಷ್ಟೋ ಕಡೆ ಕೊಂಡವರು ಅದೇ ಮನೆಯ ಗುಮಾಸ್ತರು. (ಲೆಕ್ಕ ಬರೆಯುವವನಿಗೆ ಧಣಿಯ ಸೂರ್ಯಾಸ್ತ ಮೊದಲೇ ತಿಳಿದಿರುತ್ತದೆ.)

ಬರ್ದ್ವಾನದ ರಾಜ ಜಾಣ. ಜಮೀನನ್ನು ಪತ್ತನಿದಾರರೆಂಬ ಒಳಗುತ್ತಿಗೆದಾರರಿಗೆ ಹಂಚಿ ಅವಸರವನ್ನೂ ಹಂಚಿದ. ಅವರು ಕೆಳಗಿನವರಿಗೆ, ಅವರು ಇನ್ನೂ ಕೆಳಗಿನವರಿಗೆ. ಎಲ್ಲರಿಗಿಂತ ಕೆಳಗೆ ರೈತ. ಅವನ ಕೆಳಗೆ ಬರೀ ನೆಲ, ಅದೂ ಅವನದಲ್ಲ. ಕಂಪನಿಯ ಕಂದಾಯ ಕಾಯಂ, ರೈತನ ಗೇಣಿ ಮಾತ್ರ ಬೆಳೆಯುವ ಮಗು. ಕೊಡದಿದ್ದರೆ ಕೋರ್ಟಿಗೆ ಹೋಗದೆಯೇ ಅವನ ಪೈರು ಜಪ್ತಿ ಮಾಡಬಹುದೆಂದು 1799ರ ಏಳನೇ ಕಾಯಿದೆ ಜಮೀನ್ದಾರನಿಗೆ ಹೇಳಿತು.

ನಮ್ಮ ಶ್ರೀರಂಗಪಟ್ಟಣಕ್ಕೂ ಕಾರ್ನ್‌ವಾಲಿಸ್ ಅಪರಿಚಿತನಲ್ಲ. 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ದಂಡ, ಒತ್ತೆಗೆ ಇಬ್ಬರು ಮಕ್ಕಳು. ಅದಕ್ಕೆ ಫಿರಂಗಿ ಬೇಕಾಯಿತು. ಮರುವರ್ಷ ಬಂಗಾಳ, ಬಿಹಾರ, ಒಡಿಶಾದ ರೈತರನ್ನೆಲ್ಲ ಒತ್ತೆ ಹಿಡಿಯಲು ಒಂದು ರುಜು ಸಾಕಾಯಿತು.

1805ರಲ್ಲಿ ಮತ್ತೆ ಬಂದ, ಕೆಲವೇ ತಿಂಗಳಲ್ಲಿ ಗಾಜೀಪುರದಲ್ಲಿ ತೀರಿಕೊಂಡ. ಅಲ್ಲಿನ ಸ್ಮಾರಕದಲ್ಲಿ ಒಬ್ಬ ಹಿಂದೂ, ಒಬ್ಬ ಮುಸಲ್ಮಾನ ದುಃಖಿಸುತ್ತ ನಿಂತಿರುವಂತೆ ಕೆತ್ತಿದ್ದಾರೆ. ಕಂಪನಿ ಸರ್ಕಾರದಲ್ಲಿ ದೇಶಿಯರಿಗೆ ಸಿಕ್ಕ ಕಾಯಂ ಹುದ್ದೆ ಅದೊಂದೇ. ಸಂಬಳವಿಲ್ಲ.